ಗಲಿಲೇಯದಿಂದ ಮಂಗಳೂರಿಗೆ: ಸಂತ ಮರಿಯಮ್ ಬವಾರ್ದಿಯ ಜೀವನ

2015ನೆಯ ಇಸವಿಯಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ, ಕೆನರಾ ನೆಲದಲ್ಲಿ ಬಾಳಿದ ಇಬ್ಬರನ್ನು ಪೋಪ್ ಫ್ರಾನ್ಸಿಸ್ ಜಗದ್ಗುರುಗಳು ಸಂತರೆಂದು ಘೋಷಿಸಿದರು. ಜನವರಿ 14ರಂದು ಕೊಲಂಬೊ ನಗರದಲ್ಲಿ ಆ ಗೌರವವನ್ನು ಪಡೆದವರು ಗೋವೆಯ ಗುರುಗಳಾದ ಜೋಸೆಫ್ ವಾಜರು. ಹದಿನೇಳನೆಯ ಶತಮಾನದಲ್ಲಿ ಕೆನರಾದ ಕ್ರೈಸ್ತರಿಗಾಗಿ ಅವರು ಪಟ್ಟ ಶ್ರಮವನ್ನು ನಮ್ಮವರು ಮರೆತಿಲ್ಲ. ಮೇ 17ರಂದು ರೋಮಿನಲ್ಲಿ ಸಂತ ಪದವಿಗೇರಿದ ನಾಲ್ವರು ಸ್ತ್ರೀಯರಲ್ಲಿ ಒಬ್ಬಳು ಮಾತ್ರ ನಮ್ಮ ಜನರಿಗೆ ಇನ್ನೂ ಅಪರಿಚಿತಳಾಗಿಯೇ ಉಳಿದಿದ್ದಾಳೆ. ಆಕೆಯ ಹೆಸರು ಮರಿಯಮ್ ಬವಾರ್ದಿ. ಕಾರ್ಮೆಲ್ ಮಠದಲ್ಲಿ ಆಕೆಗಿಟ್ಟ ಹೆಸರು ಶಿಲುಬೆಗೇರಿದ ಯೇಸುವಿನ ಸಿಸ್ಟರ್ ಮರಿಯ. ಗಲಿಲೇಯದಲ್ಲಿ ಹುಟ್ಟಿ ಬೆತ್ಲೆಹೇಮಿನಲ್ಲಿ ಮಡಿದ ಈ ಅರಬ್ ಹೆಣ್ಣುಮಗಳು ತನ್ನ ಜೀವನದ ನಿತ್ಯವ್ರತಗಳನ್ನು ಸ್ವೀಕರಿಸಿದ್ದು ಮಂಗಳೂರಿನಲ್ಲಿ ಎಂಬುದನ್ನು ಎಷ್ಟು ಮಂದಿ ಬಲ್ಲರು?

ಶತಮಾನೋತ್ಸವದ ಸಂಚಿಕೆಯಲ್ಲಿ ದೂರದ ದೇಶದವಳೊಬ್ಬಳ ಕಥೆ ಏಕೆ ಎಂದು ವಾಚಕರು ಕೇಳಬಹುದು. ಚರ್ಚು ಕಟ್ಟಿಸಿದ ಗುರುಗಳ ಹೆಸರು, ಗಂಟೆಯನ್ನು ಕೊಟ್ಟ ದಾನಿಗಳ ಹೆಸರು ಇಂಥ ಸಂಚಿಕೆಗಳಲ್ಲಿ ತಪ್ಪದೆ ಬರುತ್ತವೆ, ಬರಲೂಬೇಕು. ಆದರೆ ಪೂಜಾವಸ್ತ್ರಗಳನ್ನು ಒಗೆದವರು, ಹಬ್ಬದ ದಿನ ಒಲೆಯ ಮುಂದೆ ನಿಂತವರು, ನೀರು ಹೊತ್ತವರು ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಮರಿಯಮ್ ಇಂಥವರ ಪೈಕಿಯವಳು. ಹನ್ನೆರಡು ಹದಿಮೂರು ವರ್ಷದಿಂದ ಮೂವತ್ತೆರಡರವರೆಗೆ ಆಕೆ ಬಹುಮಟ್ಟಿಗೆ ಬದುಕಿದ್ದು ಅಡುಗೆಮನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಬಳಿಯಲ್ಲಿ, ರೋಗಿಗಳ ಹಾಸಿಗೆಯ ಪಕ್ಕದಲ್ಲಿ. ಆಕೆಯ ಕುರಿತು ಬರೆದವರು ಅದ್ಭುತಗಳನ್ನೇ ಹೆಚ್ಚಾಗಿ ವರ್ಣಿಸಿದ್ದಾರೆ. ನಾವಾದರೋ ಆಕೆಯ ದಿನದಿನದ ಬಾಳನ್ನು ಹೆಚ್ಚಾಗಿ ನೋಡಬಯಸುತ್ತೇವೆ.

ನಜರೇತಿಗೂ ಹೈಫಾ ಪಟ್ಟಣಕ್ಕೂ ನಡುವಿನ ಗುಡ್ಡಗಾಡಿನಲ್ಲಿ ಇಬಿಲ್ಲಿನ್ ಎಂಬ ಹಳ್ಳಿಯಿದೆ. ಆಗ ಅದು ತುರ್ಕರ ಆಳ್ವಿಕೆಗೆ ಸೇರಿತ್ತು. ಅಲ್ಲಿ ಗಿರಿಯೆಸ್ ಬವಾರ್ದಿ ಎಂಬ ಬಡ ಕ್ರೈಸ್ತನು ಮದ್ದಿನಪುಡಿ ತಯಾರಿಸುವ ವೃತ್ತಿಯಿಂದ ಜೀವಿಸುತ್ತಿದ್ದನು. ಆತನೂ ಆತನ ಪತ್ನಿಯೂ ಮೆಲ್ಕೈಟ್ ಗ್ರೀಕ್ ಕಥೋಲಿಕ ವಿಧಿಗೆ ಸೇರಿದವರು. ಅವರಿಗೆ ಹುಟ್ಟಿದ ಹನ್ನೆರಡು ಗಂಡುಮಕ್ಕಳೂ ಎಳೆತನದಲ್ಲಿಯೇ ತೀರಿಕೊಂಡರು. ಹನ್ನೆರಡು ಶವಪೆಟ್ಟಿಗೆಗಳನ್ನು ಕಂಡ ಆ ತಾಯಿ ದೇವರನ್ನು ದೂರಲಿಲ್ಲ. ಗಂಡನೊಡನೆ ಕಾಲ್ನಡಿಗೆಯಲ್ಲಿ ಬೆತ್ಲೆಹೇಮಿಗೆ ಹೊರಟಳು. ಯೇಸುಸ್ವಾಮಿ ಹುಟ್ಟಿದ ಗವಿಯಲ್ಲಿ ಮೊಣಕಾಲೂರಿ ಅವರು ಒಂದು ಹೆಣ್ಣುಮಗುವನ್ನು ಬೇಡಿದರು. ಹುಟ್ಟಿದರೆ ದೇವಮಾತೆಯ ಹೆಸರನ್ನೇ ಇಡುವುದಾಗಿ ಹರಕೆ ಹೊತ್ತರು. ನಮ್ಮ ತಾಯಂದಿರು ಹರಕೆ ಹೊರುವ ರೀತಿಗೂ ಇದಕ್ಕೂ ಏನೂ ಭೇದವಿಲ್ಲ. 1846ನೆಯ ಜನವರಿ 5ರಂದು, ಮೂರು ರಾಯರ ಹಬ್ಬದ ಹಿಂದಿನ ದಿನ, ಮರಿಯಮ್ ಹುಟ್ಟಿದಳು. ಆಮೇಲೆ ಬೌಲೋಸ್ ಎಂಬ ತಮ್ಮನೂ ಹುಟ್ಟಿದನು.

ಆ ಸಂತೋಷ ಬಹುಕಾಲ ಉಳಿಯಲಿಲ್ಲ. ಮರಿಯಮ್‌ಗೆ ಮೂರು ವರ್ಷ ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಮರಣಹೊಂದಿದರು. ತಂದೆ ಸಾಯುವ ಮೊದಲು ಮಗಳನ್ನು ಸಂತ ಜೋಸೆಫರ ಆಶ್ರಯಕ್ಕೆ ಒಪ್ಪಿಸಿದನೆಂದು ಆಕೆ ಜೀವಮಾನವಿಡೀ ನೆನೆಯುತ್ತಿದ್ದಳು. ತಮ್ಮನನ್ನು ತಾಯಿಯ ಕಡೆಯವರು ಬೇರೆ ಊರಿಗೆ ಕರೆದೊಯ್ದರು; ಮರಿಯಮ್ ತಂದೆಯ ಕಡೆಯವರಲ್ಲಿ ಬೆಳೆದಳು. ಅನುಕೂಲವಂತರಾದ ಅವರು ಆಕೆಗೆ ಊಟಕ್ಕಾಗಲಿ ಬಟ್ಟೆಗಾಗಲಿ ಕೊರತೆ ಮಾಡಲಿಲ್ಲ. ಅಲ್ಲಿಯ ಒಂದು ಚಿಕ್ಕ ಸಂಗತಿಯನ್ನು ಆಕೆ ಮುಂದೆ ತಾನೇ ಹೇಳುತ್ತಿದ್ದಳು. ಯಾರೋ ಕೊಟ್ಟ ಹಕ್ಕಿಮರಿಗಳನ್ನು ಶುಚಿಮಾಡಬೇಕೆಂದು ಆ ಮಗು ನೀರಿನಲ್ಲಿ ಮೀಯಿಸಿತು, ಮರಿಗಳು ಸತ್ತುಹೋದವು. ಅಳುತ್ತಾ ಅವುಗಳನ್ನು ತೋಟದಲ್ಲಿ ಹೂಳುತ್ತಿರುವಾಗ, ಲೋಕದಲ್ಲಿ ಎಲ್ಲವೂ ಹೀಗೆಯೇ ಕಳೆದುಹೋಗುವುದು, ಹೃದಯವನ್ನು ದೇವರಿಗೆ ಕೊಟ್ಟರೆ ಮಾತ್ರ ಅದು ಉಳಿಯುವುದು ಎಂಬ ಅರಿವು ಆಕೆಯ ಮನಸ್ಸಿನೊಳಗೆ ಮೂಡಿತಂತೆ. ಅನಾಥಮಗುವಿಗೆ ಈ ಪಾಠ ಬೇಗನೆ ಅರ್ಥವಾದುದರಲ್ಲಿ ಆಶ್ಚರ್ಯವಿಲ್ಲ.

ಕುಟುಂಬವು ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ವಲಸೆ ಹೋಯಿತು. ಆ ಕಾಲದ ಪದ್ಧತಿಯಂತೆ, ಆಕೆಗೆ ಹನ್ನೆರಡು ಹದಿಮೂರು ವರ್ಷವಾಗುವಷ್ಟರಲ್ಲಿ ಚಿಕ್ಕಪ್ಪನು ಮದುವೆಯನ್ನು ಗೊತ್ತುಮಾಡಿದನು. ಆಭರಣಗಳು ಸಿದ್ಧವಾದವು. ತನ್ನನ್ನು ದೇವರಿಗೇ ಮೀಸಲಿಡಲು ನಿಶ್ಚಯಿಸಿದ್ದ ಬಾಲಕಿ ತನ್ನ ಉದ್ದನೆಯ ಕೂದಲನ್ನು ತಾನೇ ಕತ್ತರಿಸಿಕೊಂಡಳು. ಮಾನ ಹೋಯಿತೆಂದು ಕೆರಳಿದ ಚಿಕ್ಕಪ್ಪನು ಆಕೆಯನ್ನು ಹೊಡೆದು, ಮನೆಮಗಳ ಸ್ಥಾನದಿಂದಿಳಿಸಿ, ಅಡುಗೆಮನೆಯ ಆಳುಗಳಿಗಿಂತಲೂ ಕೀಳಾದ ಕೆಲಸಕ್ಕೆ ಹಚ್ಚಿದನು. ಅಡುಗೆಮನೆಯು ಆಕೆಯ ಪಾಲಿಗೆ ಬಂದದ್ದು ಹೀಗೆ, ಶಿಕ್ಷೆಯಾಗಿ. ಮುಂದೆ ಅದನ್ನೇ ಆಕೆ ಬೇಡಿ ಪಡೆದಳು.

ಆ ದುಃಖದಲ್ಲಿ ಆಕೆಗೆ ನೆನಪಾದವನು ತಮ್ಮ. ಅವನಿಗೆ ಒಂದು ಪತ್ರವನ್ನು ಕಳುಹಿಸಲು, ಹಿಂದೆ ಆ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬನ ಬಳಿಗೆ ಗುಟ್ಟಾಗಿ ಹೋದಳು. ಕ್ರೈಸ್ತರಾದ ಬಂಧುಗಳು ಕೊಟ್ಟ ಹಿಂಸೆಯನ್ನು ಕೇಳಿದ ಆತನು, ಆ ಧರ್ಮವನ್ನೇ ಬಿಟ್ಟು ತನ್ನ ಧರ್ಮಕ್ಕೆ ಸೇರೆಂದು ಒತ್ತಾಯಿಸಿದನು. ಆಕೆ ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆದು ಆತನು ಕತ್ತಿಯಿಂದ ಆಕೆಯ ಕುತ್ತಿಗೆಯನ್ನು ಕೊಯ್ದು, ಸತ್ತಳೆಂದು ತಿಳಿದು ಒಂದು ಓಣಿಯಲ್ಲಿ ಎಸೆದನು. ಇದು 1858ನೆಯ ಸೆಪ್ಟೆಂಬರ್ 7ರ ರಾತ್ರಿ, ಮಾತೆ ಮರಿಯಮ್ಮನವರ ಜನನೋತ್ಸವದ ಹಿಂದಿನ ದಿನ ನಡೆಯಿತು. ತಾನು ಕಣ್ಣು ತೆರೆದಾಗ ಒಂದು ಗವಿಯಲ್ಲಿದ್ದೆನೆಂದೂ, ನೀಲಿಯ ಉಡುಪಿನ ಒಬ್ಬ ತಾಯಿ ತನ್ನ ಗಾಯವನ್ನು ಹೊಲಿದು ವಾರಗಟ್ಟಲೆ ಆರೈಕೆ ಮಾಡಿದಳೆಂದೂ ಆಕೆ ಮುಂದೆ ಮಠದ ಶ್ರೇಷ್ಠರ ಅಪ್ಪಣೆಯ ಮೇರೆಗೆ ಹೇಳಿದಳು. ಆ ತಾಯಿ ಯಾರೆಂಬುದರಲ್ಲಿ ಆಕೆಗೆ ಸಂದೇಹವಿರಲಿಲ್ಲ. ಕುತ್ತಿಗೆಯ ಮೇಲಿನ ದೊಡ್ಡ ಗಾಯದ ಗುರುತನ್ನಂತೂ ವೈದ್ಯರೂ ಸಹೋದರಿಯರೂ ಕಣ್ಣಾರೆ ಕಂಡರು. ಆಕೆಯ ದನಿಯೂ ಅಂದಿನಿಂದ ಒಡೆದೇ ಉಳಿಯಿತು.

ಬಂಧುಗಳ ಮನೆಗೆ ಆಕೆ ಮತ್ತೆ ಹೋಗಲಿಲ್ಲ. ಅಲೆಕ್ಸಾಂಡ್ರಿಯ, ಜೆರುಸಲೇಮ್, ಬೆಯ್ರೂತ್ ಎಂದು ಊರೂರಿನಲ್ಲಿ ಮನೆಗೆಲಸದವಳಾಗಿ ದುಡಿದಳು. ಕೆಲಸಕ್ಕಿದ್ದ ಹುಡುಗಿಯ ಈ ವರ್ಷಗಳನ್ನು ಜೀವನಚರಿತ್ರೆಕಾರರು ಬೇಗಬೇಗನೆ ದಾಟಿಬಿಡುತ್ತಾರೆ. ಆದರೆ ಆಕೆಯ ಸ್ವಭಾವವು ರೂಪುಗೊಂಡದ್ದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಬಂದ ಸಂಬಳವನ್ನು ಕೂಡಿಡದೆ ಬಡವರಿಗೆ ಕೊಡುವುದು ಆಕೆಯ ವಾಡಿಕೆಯಾಗಿತ್ತು. ರೋಗದಿಂದ ಹಾಸಿಗೆ ಹಿಡಿದ ಒಂದು ನಿರ್ಗತಿಕ ಕುಟುಂಬವನ್ನು ಕಂಡಾಗ, ಅವರ ಬಳಿಯೇ ನಿಂತು ಕೂಲಿಯಿಲ್ಲದೆ ಸೇವೆಮಾಡಿದಳು. ಅವರ ಅನ್ನಕ್ಕಾಗಿ ತಾನೇ ಬೀದಿಯಲ್ಲಿ ಭಿಕ್ಷೆ ಬೇಡಿದಳು. ಯಾವ ಮನೆಯಲ್ಲಿ ಯಜಮಾನರು ಆಕೆಯನ್ನು ಮೆಚ್ಚಿ ಹೊಗಳಲಾರಂಭಿಸಿದರೋ ಆ ಮನೆಯನ್ನು ಬಿಟ್ಟು ಬೇರೆ ಮನೆಯನ್ನು ಹುಡುಕುವುದೂ ಆಕೆಯ ಒಂದು ವಿಚಿತ್ರ ಅಭ್ಯಾಸ. ಓದು ಬರಹ ಆಕೆಗೆ ಬಾರದು. ಕೇಳಿ ಕಲಿತ ಶುಭಸಂದೇಶ, ಪೂಜೆ, ಪಾಪನಿವೇದನೆ, ಜಪಸರ, ಇವಿಷ್ಟೇ ಆಕೆಯ ವಿದ್ಯೆ. ಜೆರುಸಲೇಮಿನಲ್ಲಿ ಯೇಸುಸ್ವಾಮಿಯ ಪವಿತ್ರ ಸಮಾಧಿಯ ಮುಂದೆ ನಿತ್ಯಕನ್ಯಾವ್ರತವನ್ನು ಕೈಗೊಂಡಳು.

1863ರಲ್ಲಿ ಒಂದು ಸಿರಿಯನ್ ಕುಟುಂಬದ ಅಡುಗೆಯವಳಾಗಿ ಫ್ರಾನ್ಸಿನ ಮಾರ್ಸೇಯ್ ಬಂದರಿಗೆ ಬಂದಳು. ಅಲ್ಲಿ 1865ರಲ್ಲಿ ಸಂತ ಜೋಸೆಫರ ದರ್ಶನದ ಸಹೋದರಿಯರು ಎಂಬ ಸಭೆಯವರು ಆಕೆಯನ್ನು ಅಭ್ಯರ್ಥಿಯಾಗಿ ಸೇರಿಸಿಕೊಂಡರು. ಹತ್ತೊಂಬತ್ತು ವರ್ಷದ ಆಕೆ ನೋಡಲು ಚಿಕ್ಕ ಹುಡುಗಿಯಂತಿದ್ದಳು. ಫ್ರೆಂಚ್ ಮಾತು ತಡವರಿಸುತ್ತಿತ್ತು. ಎಲ್ಲರೂ ಆಕೆಯನ್ನು ಪುಟ್ಟ ಅರಬ್ ಹುಡುಗಿಯೆಂದೇ ಕರೆದರು. ಅರಬ್ಬೀ ಮಾತಿನಲ್ಲಿ ನೀನು, ನೀವು ಎಂಬ ಭೇದವಿಲ್ಲದ ಕಾರಣ ಆಕೆ ದೊಡ್ಡವರು ಚಿಕ್ಕವರೆನ್ನದೆ ಎಲ್ಲರನ್ನೂ ಏಕವಚನದಲ್ಲೇ ಮಾತನಾಡಿಸುತ್ತಿದ್ದಳು. ನಮ್ಮಲ್ಲಿ ಯಾರಾದರೂ ಗುರುಗಳನ್ನು ಹಾಗೆ ಕರೆದರೆ ಏನಾದೀತೆಂದು ವಾಚಕರು ಊಹಿಸಬಹುದು. ಅಲ್ಲಿಯವರು ನಕ್ಕು ಸುಮ್ಮನಾದರು. ಆ ಮಾತಿನಲ್ಲಿ ಅಗೌರವದ ಸುಳಿವೂ ಇಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು.

ಆ ಮಠದಲ್ಲಿಯೇ ಆಕೆಗೆ ಜೀವನದ ಅತಿದೊಡ್ಡ ಸ್ನೇಹ ದೊರೆಯಿತು. ಮದರ್ ವೆರೋನಿಕ ಎಂಬವರು ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳು. 1823ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಹುಟ್ಟಿ, ಉತ್ತಮ ವಿದ್ಯಾಭ್ಯಾಸ ಪಡೆದು, 1850ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದವರು. ಮಲಬಾರಿನ ಕಲ್ಲಿಕೋಟೆಯಲ್ಲಿ ಸೇವೆಸಲ್ಲಿಸಿ ಮರಳಿದ್ದ ಅವರು, ಹುಡುಗಿಯರಿಗೆ ವಿದ್ಯೆ ಕಲಿಸುವ ಒಂದು ಕಾರ್ಮೆಲ್ ಸಭೆಯನ್ನು ಭಾರತದ ಪಶ್ಚಿಮ ಕರಾವಳಿಗಾಗಿ ಸ್ಥಾಪಿಸುವ ಹಂಬಲವನ್ನು ಹೊತ್ತಿದ್ದರು. ಒಬ್ಬರು ಹಲವು ಭಾಷೆ ಬಲ್ಲ ನಲವತ್ತು ದಾಟಿದ ಇಂಗ್ಲಿಷ್ ವಿದುಷಿ; ಇನ್ನೊಬ್ಬಳು ಹೆಸರು ಬರೆಯಲೂ ಕಷ್ಟಪಡುವ ಇಪ್ಪತ್ತರ ಅನಾಥೆ. ಇಷ್ಟು ಅಸಮಾನವಾದ ಸ್ನೇಹ ಲೋಕದ ಲೆಕ್ಕದಲ್ಲಿ ಹುಟ್ಟಲಾರದು. ಆದರೂ ಅವರಿಬ್ಬರ ಪೈಕಿ ಯಾರು ಯಾರಿಂದ ಹೆಚ್ಚು ಕಲಿತರೆಂದು ಹೇಳುವುದು ಕಷ್ಟ.

ಈ ಕಾಲದಲ್ಲಿಯೇ ಮರಿಯಮ್‌ಳ ಕೈಕಾಲುಗಳಲ್ಲಿಯೂ ಪಕ್ಕೆಯಲ್ಲಿಯೂ ಯೇಸುಸ್ವಾಮಿಯ ಪಂಚಗಾಯಗಳ ಗುರುತುಗಳು ಕಾಣಿಸಿಕೊಂಡವು. ಆಕೆ ಅವನ್ನು ಯಾವುದೋ ರೋಗವೆಂದೇ ಬಗೆದು ಮುಚ್ಚಿಡಲು ಹೆಣಗಿದಳು. ಇಂಥ ವಿಷಯಗಳಿಗೆ ಅಂಜಿದ ಮಠದ ಹಿರಿಯರು 1867ರಲ್ಲಿ ಆಕೆಯನ್ನು ಸಭೆಗೆ ಸೇರಿಸಿಕೊಳ್ಳಲಾಗದೆಂದು ತೀರ್ಮಾನಿಸಿದರು. ಅವರದು ತಪ್ಪೆಂದು ನಾವು ಹೇಳಲಾರೆವು. ಶಾಲೆ ಆಸ್ಪತ್ರೆಗಳನ್ನು ನಡೆಸುವ ಸಭೆಗೆ ಇಂಥವಳ ನಿರ್ವಹಣೆ ಸುಲಭವಲ್ಲ. ಆಗತಾನೇ ಕಾರ್ಮೆಲ್ ಸೇರಲು ಅನುಮತಿ ಪಡೆದಿದ್ದ ಮದರ್ ವೆರೋನಿಕ ಆಕೆಯ ಕೈಹಿಡಿದು ಪೋ ನಗರದ ಕಾರ್ಮೆಲ್ ಮಠಕ್ಕೆ ಕರೆದೊಯ್ದರು. ಆ ಜೂನ್ ತಿಂಗಳಲ್ಲಿ ಇಬ್ಬರೂ ಒಟ್ಟಿಗೆ ಆ ಬಾಗಿಲನ್ನು ದಾಟಿದರು. ಮುಂದಿನ ವರ್ಷ, 1868ನೆಯ ಜುಲೈ 16ರಂದು, ಬಯೋನ್ ಊರಿನಲ್ಲಿ ಮದರ್ ವೆರೋನಿಕ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಮಂಗಳೂರಿನ ಸಂತ ಆನ್ನಮ್ಮನವರ ಶಾಲೆ, ಸಂತ ಆಗ್ನೆಸ್ ಕಾಲೇಜುಗಳಲ್ಲಿ ಓದಿದ ನಮ್ಮ ಸಹೋದರಿಯರಿಗೆ ಆ ಸಭೆಯ ಪರಿಚಯ ಬೇಕಿಲ್ಲ.

ಪೋ ಮಠದಲ್ಲಿ ಆಕೆಯನ್ನು ಕೀರ್ತನೆಗಳನ್ನು ಹಾಡುವ ಸಹೋದರಿಯರ ಪಂಕ್ತಿಗೆ ಸೇರಿಸುವ ಯತ್ನ ನಡೆಯಿತು. ಲತೀನ್ ಅಕ್ಷರಗಳು ಆಕೆಗೆ ಒಲಿಯಲಿಲ್ಲ. ಕೊನೆಗೆ ತನ್ನ ಇಚ್ಛೆಯಂತೆಯೇ ಮನೆಗೆಲಸದ ಸಹಾಯಕ ಸಹೋದರಿಯಾದಳು. ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು, ಒಗೆಯುವುದು, ತೋಟಕ್ಕೆ ನೀರು ಹಾಕುವುದು, ರೋಗಿಗಳನ್ನು ನೋಡಿಕೊಳ್ಳುವುದು. ಕೈಗಳು ಕೆಲಸದಲ್ಲಿರುವಾಗ ಬಾಯಿಯಲ್ಲಿ ಹಾಡು. ಹೂವು, ಹುಳು, ಮರ, ಮಳೆ ಎಲ್ಲವನ್ನೂ ಸೇರಿಸಿ ತಾನೇ ಕಟ್ಟಿದ ಹಾಡುಗಳನ್ನು ಆಕೆ ಹಾಡುತ್ತಿದ್ದಳು. ಬಳಿಯಲ್ಲಿದ್ದ ಸಹೋದರಿಯರು ಅವನ್ನು ಬರೆದಿಟ್ಟರು. ತನ್ನನ್ನು ಕುರಿತು ಹೇಳುವಾಗ ತಾನೊಂದು ಪುಟ್ಟ ಶೂನ್ಯವೆನ್ನುವಳು. ಪವಿತ್ರಾತ್ಮರಲ್ಲಿ ಆಕೆಗಿದ್ದ ಭಕ್ತಿ ಆ ಕಾಲಕ್ಕೆ ಅಪರೂಪವಾದುದು. ಗುರುಗಳೆಲ್ಲರೂ ತಿಂಗಳಿಗೊಮ್ಮೆ ಪವಿತ್ರಾತ್ಮರ ಗೌರವಾರ್ಥ ಬಲಿಪೂಜೆಯನ್ನು ಅರ್ಪಿಸಬೇಕೆಂಬುದು ಆಕೆಯ ಬಯಕೆ. ಅದಕ್ಕಾಗಿ ದೊಡ್ಡವರನ್ನು ಬಿಡದೆ ಕಾಡಿದಳು.

ಈಗ ನಮ್ಮ ನಾಡಿನ ಭಾಗಕ್ಕೆ ಬರೋಣ. ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಮೇರಿ ಎಫ್ರೆಮ್ ಗರೆಲೋನ್ ಸ್ವಾಮಿಗಳು ಸ್ವತಃ ಕಾರ್ಮೆಲ್ ಸಭೆಯವರು. ತಮ್ಮ ಪ್ರಾಂತ್ಯದಲ್ಲಿ ಒಂದು ಆವೃತ ಕಾರ್ಮೆಲ್ ಮಠವೂ ಹುಡುಗಿಯರಿಗೆ ವಿದ್ಯೆ ಕಲಿಸುವ ಸಹೋದರಿಯರೂ ಬೇಕೆಂದು ಅವರು ಬಯಸಿದರು. 1870ನೆಯ ಆಗಸ್ಟ್ 21ರಂದು, ಫ್ರಾನ್ಸ್ ಪ್ರಷ್ಯ ದೇಶಗಳ ಯುದ್ಧ ನಡೆಯುತ್ತಿದ್ದಾಗಲೇ, ಈ ಎರಡೂ ಗುಂಪಿನವರು ಮಾರ್ಸೇಯಿಂದ ಹಡಗು ಹತ್ತಿದರು. ಕೆಂಪು ಸಮುದ್ರದ ಬೇಗೆ ಅವರ ಮೈಗೆ ತಾಳಲಿಲ್ಲ. ಮಂಗಳೂರನ್ನು ಮುಟ್ಟುವ ಮೊದಲೇ ಆವೃತ ಮಠಕ್ಕೆಂದು ಹೊರಟವರಲ್ಲಿ ಮೂವರು ತೀರಿಕೊಂಡರು. ಅವರಲ್ಲಿ ಶ್ರೇಷ್ಠಳಾಗಬೇಕಿದ್ದ ಮದರ್ ಎಲಿಯಾಸರೂ ಒಬ್ಬರು. ಆ ವರ್ಷದ ನವೆಂಬರಿನಲ್ಲಿ ಉಳಿದವರು ಮಂಗಳೂರನ್ನು ಸೇರಿದರು. ಇಷ್ಟು ಸಾವುಗಳ ಮೇಲೆ ನಿಂತ ಮಠಗಳವು ಎಂಬುದನ್ನು ನಾವು ಮರೆಯಬಾರದು.

ಹೊಸ ಮಠದಲ್ಲಿ ಜನ ಕಡಿಮೆ, ಕೆಲಸ ಹೆಚ್ಚು. ಗಟ್ಟಿಗಳಾದ ಮರಿಯಮ್ ಅಡುಗೆಯನ್ನೂ ಒಗೆತವನ್ನೂ ವಹಿಸಿಕೊಂಡಳು. 1871ನೆಯ ನವೆಂಬರ್ 21ರಂದು, ಮಾತೆ ಮರಿಯಮ್ಮನವರನ್ನು ದೇವಾಲಯದಲ್ಲಿ ಅರ್ಪಿಸಿದ ಹಬ್ಬದ ದಿನ, ಆಕೆ ತನ್ನ ವ್ರತಗಳನ್ನು ಸ್ವೀಕರಿಸಿದಳು. ಆ ಮಠದಲ್ಲಿ ನಡೆದ ಮೊದಲ ವ್ರತಸ್ವೀಕಾರವದು.

ಅದಾದ ಸ್ವಲ್ಪ ಕಾಲದಲ್ಲಿಯೇ ಆಕೆಯ ಬಾಳಿನ ಅತ್ಯಂತ ಕಠಿಣವಾದ ಪರೀಕ್ಷೆ ಆರಂಭವಾಯಿತು. ಆಕೆಯಲ್ಲಿ ಕಾಣುತ್ತಿದ್ದ ಭಾವಪರವಶತೆ ಮುಂತಾದವು ದೇವರಿಂದ ಬಂದವಲ್ಲ, ಭ್ರಮೆ ಅಥವಾ ಅದಕ್ಕಿಂತಲೂ ಕೆಟ್ಟದ್ದು ಎಂಬ ಸಂಶಯ ಮಠದ ಶ್ರೇಷ್ಠಳಲ್ಲಿ ಮೂಡಿತು. ಆವರೆಗೆ ಆಕೆಯನ್ನು ಮೆಚ್ಚಿಕೊಂಡಿದ್ದ ಧರ್ಮಾಧ್ಯಕ್ಷರೂ ಮನಸ್ಸು ಬದಲಿಸಿದರು. ತಿಂಗಳುಗಟ್ಟಲೆ ಆಕೆ ಅವಿಶ್ವಾಸದ ನಡುವೆ ಬದುಕಿದಳು. ಕತ್ತಿ ಹಿಡಿದವನ ಮುಂದೆ ವಿಶ್ವಾಸವನ್ನು ಕಾಪಾಡಿಕೊಳ್ಳುವುದು ಒಂದು ಕ್ಷಣದ ಧೈರ್ಯ. ತಾನು ತಂದೆ ತಾಯಿಯೆಂದು ನಂಬಿದ ಧರ್ಮಸಭೆಯ ಹಿರಿಯರೇ ಸುಳ್ಳುಗಾತಿಯೆಂಬಂತೆ ಕಾಣುವಾಗ, ಅವರನ್ನು ದೂರದೆ, ತನ್ನ ಒಳಗಿನ ಸತ್ಯವನ್ನೂ ಬಿಡದೆ, ಮರುದಿನ ಬೆಳಿಗ್ಗೆ ಎದ್ದು ಅವರಿಗಾಗಿಯೇ ಒಲೆ ಹಚ್ಚುವುದು ಬೇರೆ ಬಗೆಯದು. ಮೊದಲನೆಯದಕ್ಕಿಂತ ಎರಡನೆಯದು ದೊಡ್ಡ ಸಾಕ್ಷ್ಯವೆಂದು ನಮಗೆ ತೋರುತ್ತದೆ. ಆಕೆಯನ್ನು ಸಂಶಯಿಸಿದವರು ಕೆಟ್ಟವರಲ್ಲ. ಪ್ರತಿಯೊಂದು ಚೈತನ್ಯವನ್ನೂ ಪರೀಕ್ಷಿಸಬೇಕೆಂಬುದು ಸಂತ ಯೊವಾನ್ನರ ಬೋಧನೆಯೇ ಅಲ್ಲವೆ? ಆದರೆ ಆ ಪರೀಕ್ಷೆಯ ನೋವನ್ನು ಅನುಭವಿಸಿದವಳು ಈ ಇಪ್ಪತ್ತಾರು ವರ್ಷದ ಪರದೇಶಿ ಹುಡುಗಿ, ಮತ್ತು ಅದು ನಡೆದದ್ದು ನಮ್ಮ ನೆಲದಲ್ಲಿ. 1872ರಲ್ಲಿ ಆಕೆಯನ್ನು ಮರಳಿ ಪೋ ಮಠಕ್ಕೆ ಕಳುಹಿಸಲಾಯಿತು. ಮೇರಿ ಎಫ್ರೆಮ್ ಸ್ವಾಮಿಗಳು 1873ರ ಏಪ್ರಿಲಿನಲ್ಲಿ ದೈವಾಧೀನರಾದರು. ಅದಕ್ಕೆ ಮುಂಚೆ, ತಾವು ಆಕೆಯನ್ನು ತಪ್ಪಾಗಿ ತಿಳಿದೆವೆಂದು ಅವರು ಒಪ್ಪಿಕೊಂಡರು. ಅಧಿಕಾರದಲ್ಲಿರುವವರಿಗೆ ಅದು ಎಷ್ಟು ಕಷ್ಟವೆಂಬುದನ್ನು ನಾವು ಬಲ್ಲೆವು. ಈ ಕಥೆಯಲ್ಲಿ ಅವರ ಮೇಲಿನ ಗೌರವ ನಮಗೆ ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಪೋ ಮಠದವರು ಆಕೆಯನ್ನು ಪ್ರೀತಿಯಿಂದ ಬರಮಾಡಿಕೊಂಡರು. ಮಂಗಳೂರಿನ ಬಗ್ಗೆ ಕಹಿಯಾದ ಮಾತು ಆಕೆಯ ಬಾಯಿಂದ ಬರಲಿಲ್ಲ. 1873ರ ಬೇಸಿಗೆಯಲ್ಲಿ ಆಕೆ ಭಾವಪರವಶಳಾಗಿ ತೋಟದ ಎತ್ತರವಾದ ಮರದ ತುದಿಯಲ್ಲಿ ಹಲವು ಸಲ ಕಾಣಿಸಿಕೊಂಡಳೆಂದು ಸಹೋದರಿಯರು ಸಾಕ್ಷಿ ನುಡಿದಿದ್ದಾರೆ. ಅದಕ್ಕಿಂತ ನಮಗೆ ಮುಖ್ಯವಾಗಿ ಕಾಣುವುದು ಇದು: ಕೆಳಗೆ ನಿಂತ ಶ್ರೇಷ್ಠಳು ವಿಧೇಯತೆಯ ಹೆಸರಿನಲ್ಲಿ ಇಳಿಯೆಂದು ಅಪ್ಪಣೆ ಮಾಡಿದೊಡನೆ ಆಕೆ ಇಳಿದು ಬಂದು ತನ್ನ ಕೆಲಸಕ್ಕೆ ತೊಡಗುತ್ತಿದ್ದಳು.

ಬೆತ್ಲೆಹೇಮಿನಲ್ಲಿ ಒಂದು ಕಾರ್ಮೆಲ್ ಮಠವಾಗಬೇಕೆಂಬುದು ಆಕೆಯ ಕೊನೆಯ ದೊಡ್ಡ ಆಸೆ. ಹಣ ಎಲ್ಲಿಂದ? ಪೋ ನಗರದ ನ್ಯಾಯಾಧೀಶರೊಬ್ಬರ ಒಬ್ಬಳೇ ಮಗಳಾದ ಬೆರ್ತ್ ದಾರ್ತಿಗೋ ಎಂಬ ಸಿರಿವಂತೆ ಆಕೆಯ ಗೆಳತಿಯಾಗಿ ಆ ಭಾರವನ್ನು ಹೊತ್ತಳು. ಒಂಬತ್ತನೆಯ ಭಕ್ತಿನಾಥ ಜಗದ್ಗುರುಗಳು ಅನುಮತಿಯಿತ್ತರು. 1875ರ ಸೆಪ್ಟೆಂಬರಿನಲ್ಲಿ ಸಹೋದರಿಯರು ಬೆತ್ಲೆಹೇಮನ್ನು ತಲುಪಿದರು. ತನ್ನ ತಂದೆತಾಯಿ ಹರಕೆ ಹೊತ್ತು ನಡೆದುಬಂದ ಊರಿಗೆ ಮರಿಯಮ್ ಹೀಗೆ ಬಂದಳು. ಕೆಲಸಗಾರರೊಡನೆ ಅರಬ್ಬಿಯಲ್ಲಿ ಮಾತನಾಡಬಲ್ಲವಳು ಆಕೆಯೊಬ್ಬಳೇ. ಆದ್ದರಿಂದ ಅಕ್ಷರ ಬಾರದ ಅಡುಗೆಯ ಸಹೋದರಿಯೇ ಮಠದ ಕಟ್ಟಡದ ಮೇಲ್ವಿಚಾರಕಳಾದಳು. ಕಲ್ಲು, ಸುಣ್ಣ, ಕೂಲಿ ಎಲ್ಲವನ್ನೂ ನೋಡಿಕೊಂಡಳು. ಚರ್ಚು ಕಟ್ಟಿಸಿದ ಅನುಭವವಿರುವ ಗುರುಗಳಿಗೆ ಅದರ ಕಷ್ಟ ಹೇಳಬೇಕಾಗಿಲ್ಲ. ಕೆಲಸದವರು ಆಕೆಯನ್ನು ಬಹಳವಾಗಿ ಪ್ರೀತಿಸಿದರು. 1876ನೆಯ ನವೆಂಬರ್ 21ರಂದು, ಮಂಗಳೂರಿನಲ್ಲಿ ವ್ರತ ಸ್ವೀಕರಿಸಿದ ಐದನೆಯ ವರ್ಷದ ಅದೇ ದಿನ, ಸಹೋದರಿಯರು ಹೊಸ ಮಠವನ್ನು ಪ್ರವೇಶಿಸಿದರು. ಆಮೇಲೆ ನಜರೇತಿನಲ್ಲಿಯೂ ಒಂದು ಮಠಕ್ಕಾಗಿ ಆಕೆ ಓಡಾಡಿದಳು. ಅದು ನೆರವೇರಿದ್ದು ಆಕೆಯ ಮರಣಾನಂತರ.

1878ನೆಯ ಆಗಸ್ಟ್ 22. ಬಿಸಿಲಿನಲ್ಲಿ ದುಡಿಯುತ್ತಿದ್ದ ಆಳುಗಳಿಗೆ ಕುಡಿಯುವ ನೀರನ್ನು ಹೊತ್ತು ಹೋಗುವಾಗ ಆಕೆ ಜಾರಿಬಿದ್ದಳು. ತೋಳು ಮುರಿಯಿತು, ಗಾಯ ಕೊಳೆತು ವಿಷವೇರಿತು. ನಾಲ್ಕೇ ದಿನಗಳಲ್ಲಿ, ಆಗಸ್ಟ್ 26ರ ಸೋಮವಾರ ಮುಂಜಾನೆ, ಮೂವತ್ತೆರಡನೆಯ ವಯಸ್ಸಿನಲ್ಲಿ ಆಕೆ ಪ್ರಾಣಬಿಟ್ಟಳು. ಆಕೆಯ ಆತ್ಮನಿರ್ದೇಶಕರಾಗಿದ್ದ ಫಾದರ್ ಎಸ್ತ್ರಾತ್ ಆಕೆಯ ಜೀವನಚರಿತ್ರೆಯನ್ನು ಬರೆದರು. ಮದರ್ ವೆರೋನಿಕ ಗೆಳತಿಗಿಂತ ಇಪ್ಪತ್ತೆಂಟು ವರ್ಷ ಹೆಚ್ಚು ಬದುಕಿ, 1906ರಲ್ಲಿ ತೀರಿಕೊಂಡರು. 2014ರಲ್ಲಿ ಧರ್ಮಸಭೆಯು ಅವರನ್ನು ಪೂಜ್ಯರೆಂದು ಸಾರಿತು. ಮರಿಯಮ್‌ಳನ್ನು 1983ನೆಯ ನವೆಂಬರ್ 13ರಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಧನ್ಯಳೆಂದು ಘೋಷಿಸಿದರು. ಧರ್ಮಸಭೆಯು ಇಂಥ ಪದವಿಯನ್ನು ಕೊಡುವುದು ಪಂಚಗಾಯಗಳಿಗಾಗಲಿ ಮರದ ತುದಿಗಾಗಲಿ ಅಲ್ಲ, ಸದ್ಗುಣಗಳಿಗೆ ಎಂಬುದನ್ನು ಭಕ್ತಾದಿಗಳು ನೆನಪಿನಲ್ಲಿಡಬೇಕು.

ನಮ್ಮ ಧರ್ಮಕೇಂದ್ರದಿಂದ ಪವಿತ್ರನಾಡಿನ ಯಾತ್ರೆಗೆ ಹೋಗುವವರು ಬೆತ್ಲೆಹೇಮಿನಲ್ಲಿ ಯೇಸುಸ್ವಾಮಿಯ ಜನನದ ಗವಿಯನ್ನು ದರ್ಶಿಸಿದ ಮೇಲೆ, ಅಲ್ಲಿಂದ ಬಹಳ ದೂರವಿಲ್ಲದ ಕಾರ್ಮೆಲ್ ಮಠಕ್ಕೂ ಕರೆದೊಯ್ಯುವಂತೆ ಮಾರ್ಗದರ್ಶಕರನ್ನು ಕೇಳಿಕೊಳ್ಳಲಿ. ಆಕೆಯ ಸಮಾಧಿ ಅಲ್ಲಿದೆ. ಮಂಗಳೂರಿನ ಕಡೆಯವರು ಬಂದಿದ್ದೇವೆಂದು ಸಹೋದರಿಯರಿಗೆ ತಿಳಿಸಲು ಮರೆಯದಿರಲಿ.